ಮದ್ದು ಜಡಿಯುವ ಕೋವಿಯೂ ಗುರಿಯ ನಿಯಮವೂ

ಗುಬ್ಬಿಯ ಸುತ್ತಿನ ತೆಂಗಿನ ತೋಟಗಳ ನಡುವೆಯಾಗಲಿ, ಕುಣಿಗಲಿನಿಂದ ಹುತ್ರಿದುರ್ಗದ ಕಡೆಗೆ ಹೋಗುವ ದಾರಿಯ ಹಳ್ಳಿಗಳಲ್ಲಾಗಲಿ, ಹಳೆಯ ಮನೆಗಳ ನಡುಮನೆಯ ಗೋಡೆಯ ಮೇಲೆ ಉದ್ದನೆಯ ಕೋವಿಯೊಂದು ತೂಗುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಇಲ್ಲದಿಲ್ಲ. ಬಾಯಿಂದ ಮದ್ದು ಸುರಿದು, ಗುಂಡನ್ನು ಇಳಿಸಿ, ಸಲಾಕೆಯಿಂದ ಜಡಿದು, ಕೇಪನ್ನು ಕೂರಿಸಿ ಹಾರಿಸತಕ್ಕ ಕೋವಿ ಅದು. ಅದರ ವಿಷಯದಲ್ಲಿ ಮನೆಯ ಹಿರಿಯರು ಹೇಳುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: “ನಮ್ಮ ತಾತನ ಕೈಯಲ್ಲಿ ಅದು ಎಂದೂ ತಪ್ಪಿದ್ದಿಲ್ಲ, ನಮ್ಮ ಕೈಗೆ ಮಾತ್ರ ಬಗ್ಗುವುದಿಲ್ಲ.” ತಾತನದು ಕೈಗುಣ, ಕೋವಿಯದು ಹಟ ಎಂದು ಹೇಳಿ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ.

ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವುದು ಇದನ್ನೇ. ಒಂದೇ ಕೋವಿ, ಒಬ್ಬನೇ ಮನುಷ್ಯ, ಒಂದೇ ಗುರಿ. ಹೀಗಿದ್ದೂ ಐದು ಏಟುಗಳು ಐದು ಕಡೆ ಬೀಳುವುದೇಕೆ? ಅವನ್ನು ಒಂದೆಡೆ ಕೂಡಿಸುವ ಬಗೆ ಯಾವುದು? ಇದಕ್ಕೆ ಕೈಗುಣವೆಂಬುದು ಉತ್ತರವಲ್ಲ. ಹಿಂದಿನ ಏಟಿಗೆ ಏನೇನು ಮಾಡಿದೆವೋ ಮುಂದಿನ ಏಟಿಗೂ ಅದನ್ನೇ, ಅಷ್ಟನ್ನೇ, ಅದೇ ಕ್ರಮದಲ್ಲಿ ಮಾಡುವುದೇ ಉತ್ತರ. ತಾತನ ಗುಟ್ಟು ಬಹುಶಃ ಇದೇ ಆಗಿತ್ತು. ಆತ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಮೊದಲೇ ಹೇಳಬೇಕಾದ ಮಾತೊಂದಿದೆ. ಬೇಟೆಯು ಒಂದು ಕಾಲದಲ್ಲಿ ಈ ಸೀಮೆಯ ವಿನೋದವೂ ಕೆಲವರ ಜೀವನೋಪಾಯವೂ ಆಗಿತ್ತು. ಈಗ ಅದು ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬೇಟೆಯನ್ನು ನಿಷೇಧಿಸಿದೆ. 1959ರ ಶಸ್ತ್ರಾಸ್ತ್ರ ಕಾನೂನಿನ 13ನೆಯ ಪ್ರಕರಣವು ನಿಜವಾದ ಬೆಳೆರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿಗೆ ಪರವಾನಗಿ ಕೊಡುವುದನ್ನು ಹೆಸರಿಸಿಯೇ ಹೇಳುತ್ತದೆಯಾದರೂ, ಪರವಾನಗಿಯುಳ್ಳವನಿಗೆ ಹೊಲಕ್ಕೆ ಬಂದ ಕಾಡುಪ್ರಾಣಿಯನ್ನು ತನ್ನಿಷ್ಟದಂತೆ ಕೊಲ್ಲುವ ಅಧಿಕಾರ ಅದರಿಂದ ಬರುವುದಿಲ್ಲ. ಆದುದರಿಂದ ಈ ಭಾಷಣದಲ್ಲಿ ಗುರಿಯೆಂದರೆ ಅಪ್ಪಣೆಯುಳ್ಳ ಗುರಿಮೈದಾನದಲ್ಲಿ ಮಣ್ಣಿನ ದಿಬ್ಬದ ಮುಂದೆ ನಿಲ್ಲಿಸಿದ ಕಾಗದವೇ ಎಂದು ತಿಳಿಯತಕ್ಕದ್ದು.

ಏಟುಗಳ ಗುಂಪು ಎಂದರೇನು? ಕಾಗದದ ನಡುವೆ ಕಪ್ಪು ಬೊಟ್ಟೊಂದನ್ನಿಟ್ಟು, 50 ಗಜ ದೂರದಿಂದ, ಒಂದೇ ಚುಕ್ಕೆಯನ್ನು ನೋಡುತ್ತ ಐದು ಗುಂಡು ಹಾರಿಸಿದೆವೆನ್ನೋಣ. ಐದು ತೂತುಗಳಲ್ಲಿ ಒಂದಕ್ಕೊಂದು ಅತಿ ದೂರವಿರುವ ಎರಡರ ನಡುವಣ ಅಂತರವೇ ಗುಂಪಿನ ಅಗಲ. ಇಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಏಟುಗಳು ಒತ್ತಾಗಿ ಬೀಳುವುದು ಒಂದು ಗುಣ. ಆ ಒತ್ತು ಬೊಟ್ಟಿನ ಮೇಲೆಯೇ ಬೀಳುವುದು ಇನ್ನೊಂದು. ಐದೂ ಏಟುಗಳು ಬೊಟ್ಟಿನಿಂದ ಒಂದು ಗೇಣು ಎಡಕ್ಕೆ, ಆದರೆ ಒಂದು ರೂಪಾಯಿಯಷ್ಟಗಲದಲ್ಲಿ ಬಿದ್ದಿದ್ದರೆ ಕೋವಿಯನ್ನು ಬೈಯಬೇಕಾಗಿಲ್ಲ. ಅದರ ನೋಟವನ್ನು ಸರಿಪಡಿಸಿದರೆ ಸಾಕು. ಬೊಟ್ಟಿನ ಸುತ್ತ ನಾಲ್ಕು ದಿಕ್ಕಿಗೂ ಚೆದುರಿದ್ದರೆ, ನಡುವೆ ಬಿದ್ದ ಒಂದೇಟನ್ನು ತೋರಿಸಿ ಹೆಮ್ಮೆಪಡುವುದರಲ್ಲಿ ಅರ್ಥವಿಲ್ಲ. ಕೊಡಗಿನವರು ಕೈಲ್‌ಪೋಳ್ದು ಹಬ್ಬದಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಈಡು ಹಾರಿಸುವ ಪಂದ್ಯವನ್ನಿಡುತ್ತಾರೆ. ಕಾಯಿ ಒಡೆದವನಿಗೆ ಮರ್ಯಾದೆ ಸಲ್ಲುವುದು ನ್ಯಾಯವೇ. ಆದರೆ ಕೋವಿಯ ಪರೀಕ್ಷೆ ಒಂದು ಏಟಿನಿಂದ ಮುಗಿಯುವುದಿಲ್ಲ. ಒಂದೇಟು ಅದೃಷ್ಟದಿಂದಲೂ ತಗುಲಬಹುದು.

ಇನ್ನು ಕೋವಿಯ ಒಳಗನ್ನು ನೋಡೋಣ. ರೈತರ ಬೆಳೆಕಾವಲಿನ ಕೋವಿಯ ನಳಿಗೆ ಸಾಮಾನ್ಯವಾಗಿ ಒಳಗೆ ನುಣುಪಾಗಿರುತ್ತದೆ. ರೈಫಲ್ಲಿನ ನಳಿಗೆಯಲ್ಲಾದರೋ ಬುಡದಿಂದ ಬಾಯಿಯವರೆಗೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಈ ಗೀರುಗಳ ಪ್ರಯೋಜನವನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವರಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಮುಖ್ಯನು. 1742ರಲ್ಲಿ ಫಿರಂಗಿವಿದ್ಯೆಯ ಹೊಸ ತತ್ವಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ ಈ ಗಣಿತಜ್ಞನು 1747ರಲ್ಲಿ ರೈಫಲ್ ನಳಿಗೆಗಳ ವಿಚಾರವಾಗಿ ರಾಯಲ್ ಸೊಸೈಟಿಯ ಮುಂದೆ ಪ್ರಬಂಧವನ್ನಿಟ್ಟನು. ನುಣುಪು ನಳಿಗೆಯಲ್ಲಿ ಗುಂಡು ಒಂದು ಪಕ್ಕಕ್ಕೆ ಉಜ್ಜಿಕೊಂಡು ಹೊರಬಂದು ತನಗೆ ತೋಚಿದಂತೆ ಉರುಳುತ್ತದೆ. ಉರುಳಿದ ಕಡೆಗೆ ಗಾಳಿ ಅದನ್ನು ತಿರುಗಿಸುತ್ತದೆ. ಇದನ್ನು ತೋರಿಸುವುದಕ್ಕಾಗಿ ರಾಬಿನ್ಸನು ನಳಿಗೆಯ ತುದಿಯನ್ನು ಎಡಕ್ಕೆ ಬಗ್ಗಿಸಿ ಹಾರಿಸಿದನು. ಗುಂಡು ಮೊದಲು ಎಡಕ್ಕೆ ಹೊರಟು, ಬಳಿಕ ಬಲಕ್ಕೆ ಬಾಗಿತು! ಗುಂಡು ತಾನು ಹೋಗುವ ದಾರಿಯನ್ನೇ ಅಚ್ಚಾಗಿ ಮಾಡಿಕೊಂಡು ಬುಗುರಿಯಂತೆ ತಿರುಗಿದರೆ, ಈ ವಕ್ರಗತಿಗೆ ಎಡೆಯಿರುವುದಿಲ್ಲ. ಸುರುಳಿಗೀರುಗಳು ಕೊಡುವುದು ಈ ತಿರುಗಾಟವನ್ನೇ.

ನಮ್ಮ ನಾಡಿಗೆ ಕೋವಿಯ ಕಸುಬು ಹೊಸದಲ್ಲ. 1799ಕ್ಕೆ ಮುಂಚೆ ಟಿಪ್ಪೂ ಸುಲ್ತಾನನ ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಹುಲಿಯ ಮುಖವನ್ನೂ ಹುಲಿಪಟ್ಟೆಯನ್ನೂ ಅಲಂಕಾರವಾಗುಳ್ಳ ಚಕಮಕಿ ಕೋವಿಗಳು ತಯಾರಾಗುತ್ತಿದ್ದುವು. ಅವುಗಳಲ್ಲಿ ಹಲವು ಇಂಗ್ಲೆಂಡಿನ ವಸ್ತುಸಂಗ್ರಹಾಲಯಗಳಲ್ಲಿವೆ. ಬಾಯಿಂದ ತುಂಬುವ ಬೇಟೆಯ ರೈಫಲ್ಲು ಇಂಡಿಯಾದ ಕಾಡುಗಳಲ್ಲಿ ಪ್ರಚಾರವಾದದ್ದು ಅದರ ಮುಂದಿನ ಶತಮಾನದಲ್ಲಿ. ಮಧ್ಯಪ್ರಾಂತದಲ್ಲಿದ್ದ ಜೇಮ್ಸ್ ಫಾರ್ಸೈತ್ ಎಂಬ ಸೇನಾಧಿಕಾರಿಯು 1860ರ ದಶಕದಲ್ಲಿ ಬೇಟೆಯ ರೈಫಲ್ಲನ್ನು ಕುರಿತೇ ಒಂದು ಪುಸ್ತಕ ಬರೆದನು. ಉರುಟು ಗುಂಡಿಗೆ ಸುರುಳಿ ನಿಧಾನವಾಗಿರಬೇಕು, ಎಂದರೆ ಬಹಳ ಉದ್ದಕ್ಕೆ ಒಂದು ಸುತ್ತು ಮಾತ್ರ ಇರಬೇಕು ಎಂಬುದು ಅವನ ವಾದ. ಸುರುಳಿ ಬಿಗಿಯಾಗಿದ್ದು ಮದ್ದು ಹೆಚ್ಚಾದರೆ ಮೆತ್ತನೆಯ ಸೀಸದ ಗುಂಡು ಗೀರುಗಳನ್ನು ಹಿಡಿಯಲಾರದೆ ಅವುಗಳ ಮೇಲೆ ಜಾರಿಹೋಗುತ್ತದೆ. ಇಂದು ಸಿಗುವ ಅರ್ಧ ಅಂಗುಲ ರಂಧ್ರದ ರೈಫಲ್ಲುಗಳಲ್ಲಿ ಕೆಲವಕ್ಕೆ 48 ಅಂಗುಲಕ್ಕೆ ಒಂದು ಸುತ್ತು, ಉರುಟು ಗುಂಡಿಗೆಂದೇ ಮಾಡಿದವಕ್ಕೆ 60 ಅಥವಾ 66 ಅಂಗುಲಕ್ಕೆ ಒಂದು ಸುತ್ತು ಇರುತ್ತದೆ. ತನ್ನ ಕೋವಿಯ ಸುರುಳಿ ಯಾವುದೆಂದು ಅರಿಯದೆ ಅದಕ್ಕೆ ತಕ್ಕ ಗುಂಡನ್ನಾಗಲಿ ಮದ್ದನ್ನಾಗಲಿ ಆರಿಸುವುದಾಗದು.

ಮೊದಲನೆಯದಾಗಿ ಗುಂಡು. ಅದು ಶುದ್ಧವಾದ ಮೆತ್ತನೆಯ ಸೀಸದಿಂದಾಗಿರಬೇಕು. ಅರ್ಧ ಅಂಗುಲದ ನಳಿಗೆಗೆ ಸಾಮಾನ್ಯವಾಗಿ 0.490 ಅಂಗುಲದ ಗುಂಡನ್ನು ಬಳಸುತ್ತಾರೆ. ಅದರ ತೂಕ ಸುಮಾರು 177 ಗ್ರೇನು, ಎಂದರೆ ಹನ್ನೊಂದೂವರೆ ಗ್ರಾಮು. ಅಚ್ಚಿನಲ್ಲಿ ಎರಕ ಹೊಯ್ಯುವಾಗ ಒಳಗೆ ಗಾಳಿಯ ಗುಳ್ಳೆ ಉಳಿದರೆ ಹೊರಗಿನಿಂದ ಕಾಣುವುದಿಲ್ಲ, ತಕ್ಕಡಿಗೆ ಮಾತ್ರ ಕಾಣುತ್ತದೆ. ಆದುದರಿಂದ ಗುಂಡುಗಳನ್ನು ಒಂದೊಂದಾಗಿ ತೂಗಿ, ಹಗುರವಾದವನ್ನು ಮತ್ತೆ ಕರಗಿಸುವುದಕ್ಕೆ ಹಾಕಬೇಕು. ಎರಕದ ಬಾಯಿಯಲ್ಲಿ ಉಳಿಯುವ ಸಣ್ಣ ಮಚ್ಚೆಯನ್ನು ಪ್ರತಿಸಲವೂ ಮೇಲ್ಮುಖವಾಗಿಯೇ ಇಟ್ಟು ಇಳಿಸಬೇಕು. ಅದು ಒಮ್ಮೆ ಮೇಲೆ, ಒಮ್ಮೆ ಪಕ್ಕಕ್ಕೆ ಆದರೆ ಬುಗುರಿಯ ತೂಕ ಪ್ರತಿಸಲವೂ ಬೇರೆಬೇರೆ ಕಡೆಗೆ ವಾಲಿದಂತಾಯಿತು.

ಎರಡನೆಯದು ಬಟ್ಟೆ. ಗುಂಡು ನಳಿಗೆಗಿಂತ ಸ್ವಲ್ಪ ಸಣ್ಣದಾದುದರಿಂದ, ಎಣ್ಣೆಯಲ್ಲಿ ಅಥವಾ ಜಿಡ್ಡಿನಲ್ಲಿ ನೆನೆದ ಬಟ್ಟೆಯ ಬಿಲ್ಲೆಯನ್ನು ಅದಕ್ಕೆ ಸುತ್ತಿ ಇಳಿಸುತ್ತಾರೆ. ಗೀರುಗಳನ್ನು ಹಿಡಿದು ಗುಂಡನ್ನು ತಿರುಗಿಸುವುದು ಈ ಬಟ್ಟೆಯೇ. ಒತ್ತಾಗಿ ನೆಯ್ದ, ಒಗೆದು ಗಂಜಿ ತೆಗೆದ ಹತ್ತಿಯ ಬಟ್ಟೆ ಇದಕ್ಕೆ ಯೋಗ್ಯ. ಒಂದು ದಿನ ಹಳೆಯ ಪಂಚೆಯ ತುಂಡು, ಇನ್ನೊಂದು ದಿನ ಗೋಣಿಯ ಚೂರು ಎಂದು ಕೈಗೆ ಸಿಕ್ಕಿದುದನ್ನು ಹಾಕುವವನು ಗುಂಪನ್ನು ಆಶಿಸಕೂಡದು. ಹಾರಿಸಿದ ಮೇಲೆ ಕೋವಿಯ ಮುಂದೆ ಹಲವು ಗಜಗಳ ದೂರದಲ್ಲಿ ಬಿದ್ದ ಬಟ್ಟೆಯನ್ನು ಹೆಕ್ಕಿ ನೋಡಬೇಕು. ಅಂಚು ಮಾತ್ರ ಬಿರಿದು ನಡುವೆ ಸುಡದೆ ಉಳಿದಿದ್ದರೆ ಒಳ್ಳೆಯದು. ಗುಂಡಿನ ಅಂಚಿನಲ್ಲಿ ಕತ್ತರಿಸಿದಂತೆ ಹರಿದಿದ್ದರೆ ನಳಿಗೆಯ ಬಾಯಿ ಹರಿತವಾಗಿದೆಯೆಂದೂ, ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತೆಂದು ಅಥವಾ ಜಿಡ್ಡು ಸಾಲದೆಂದೂ ತಿಳಿಯಬಹುದು. ನೆಲದ ಮೇಲೆ ಬಿದ್ದ ಈ ಚಿಂದಿ, ಓದಬಲ್ಲವನಿಗೆ ಒಂದು ಕಾಗದವಿದ್ದಂತೆ.

ಮೂರನೆಯದು ಮದ್ದು. ಅದನ್ನು ತೂಗುವುದಕ್ಕಿಂತ ಅಳೆಯುವುದೇ ವಾಡಿಕೆ. ನಮ್ಮ ರೈತರಿಗೆ ಅಳತೆಯ ಮರ್ಮ ಗೊತ್ತಿಲ್ಲದೆ ಇಲ್ಲ. ರಾಗಿಯನ್ನು ಸೇರಿನಲ್ಲಿ ಅಳೆಯುವಾಗ ಗೋಪುರವೇರಿಸಿ ಅಳೆಯುವುದು ಬೇರೆ, ತಲೆಗೆ ಕೈಯಾಡಿಸಿ ಸಮಮಾಡಿ ಅಳೆಯುವುದು ಬೇರೆ. ಸೇರನ್ನು ಕುಟ್ಟಿ ಅಳೆದರೆ ಇನ್ನೂ ಬೇರೆ. ರಾಗಿಯಲ್ಲಿ ಹಿಡಿಯಷ್ಟು ಹೆಚ್ಚುಕಡಿಮೆಯಾದರೆ ಅಂಗಡಿಯವನಿಗೋ ಕೊಂಡವನಿಗೋ ನಷ್ಟ. ಮದ್ದಿನಲ್ಲಿ ಚಿಟಿಕೆಯಷ್ಟು ಹೆಚ್ಚುಕಡಿಮೆಯಾದರೆ ಗುಂಡಿನ ವೇಗ ಬದಲಾಗಿ ಏಟು ಮೇಲೋ ಕೆಳಗೋ ಬೀಳುತ್ತದೆ. ಆದುದರಿಂದ ಒಂದೇ ಅಳತೆಯ ಕೊಳವೆ, ಅದನ್ನು ತುಂಬಿ ಎಷ್ಟು ಸಲ ತಟ್ಟುವೆವೋ ಅಷ್ಟೇ ಸಲ ತಟ್ಟುವುದು, ತಲೆಯನ್ನು ಸಮಮಾಡುವುದು, ಇವು ಮಾರ್ಪಡಕೂಡದು. ಎಷ್ಟು ಮದ್ದು ಹಾಕಬೇಕೆಂಬುದನ್ನು ಕೋವಿಯನ್ನು ಮಾಡಿದವರು ಗೊತ್ತುಮಾಡಿರುತ್ತಾರೆ. ಆ ಮೇರೆಯನ್ನು ಎಂದಿಗೂ ಮೀರಬಾರದು. ಮೇರೆಯೊಳಗೆ ಕಡಿಮೆಯಿಂದ ಆರಂಭಿಸಿ, 5 ಗ್ರೇನಿನಂತೆ ಏರಿಸುತ್ತ, ಒಂದೊಂದು ಅಳತೆಗೂ ಬೇರೆ ಕಾಗದದ ಮೇಲೆ ಐದೈದು ಏಟು ಹಾಕಿದರೆ, ಎಲ್ಲಿ ಗುಂಪು ಅತಿ ಚಿಕ್ಕದಾಗುವುದೋ ಅದೇ ಆ ಕೋವಿಯ ಮೆಚ್ಚಿನ ಅಳತೆ. ಹೆಚ್ಚು ಮದ್ದು ಹೆಚ್ಚು ಗುರಿ ಎಂಬ ನಂಬಿಕೆಗೆ ಆಧಾರವಿಲ್ಲ. ಹಳೆಯ ಕೋವಿಯಾದರೆ ಬಲ್ಲ ಕಮ್ಮಾರನಿಗೆ ತೋರಿಸಿ ನಳಿಗೆ ಗಟ್ಟಿಯೆಂದು ತಿಳಿದ ಹೊರತು ಒಂದು ಚಿಟಿಕೆ ಮದ್ದನ್ನೂ ಹಾಕಬಾರದು. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವುದಂತೂ ಕೂಡದು. ಒಳಗೆ ಕಿಡಿಯೊಂದು ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ.

ನಾಲ್ಕನೆಯದು ಜಡಿಯುವ ಕೆಲಸ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿರಬೇಕು. ನಡುವೆ ಬರಿಯ ಗಾಳಿ ಉಳಿದರೆ ಗುರಿಯೂ ಕೆಡುತ್ತದೆ, ನಳಿಗೆ ಉಬ್ಬಿ ಒಡೆಯುವ ಅಪಾಯವೂ ಇದೆ. ಸರಿಯಾಗಿ ಕೂತಾಗ ಸಲಾಕೆ ನಳಿಗೆಯ ಬಾಯಿಗೆ ಎಲ್ಲಿಯವರೆಗೆ ಇಳಿದಿರುವುದೋ ಅಲ್ಲಿ ಗುರುತು ಮಾಡಿಕೊಂಡರೆ ಪ್ರತಿಸಲವೂ ಕಣ್ಣಿಗೆ ಸಾಕ್ಷಿ ಸಿಕ್ಕುತ್ತದೆ. ಸಲಾಕೆ ಹಾರಿಬೀಳುವಂತೆ ಹತ್ತುಸಲ ಕುಕ್ಕುವುದು ಹಳೆಯ ಷೋಕಿ. ಅದರಿಂದ ಮೆತ್ತನೆಯ ಸೀಸ ಚಪ್ಪಟೆಯಾಗುತ್ತದೆ, ಮದ್ದಿನ ಕಾಳು ಪುಡಿಯಾಗುತ್ತದೆ. ಒಂದೇ ಸಮನಾದ ಒತ್ತಡದಿಂದ ಒಮ್ಮೆ ಒತ್ತಿ ನಿಲ್ಲಿಸಿದರೆ ಸಾಕು.

ಐದನೆಯದು, ಮತ್ತು ಬಹುಪಾಲು ಜನರು ಲಕ್ಷ್ಯವಿಡದೆ ಬಿಡುವುದು, ಮಸಿ. ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯ ಕಣಗಳೂ ಮಸಿಯೂ ಆಗುತ್ತದೆಯೇ ಹೊರತು ಗಾಳಿಯಾಗುವುದಿಲ್ಲ. ಅದರಲ್ಲೊಂದಂಶ ನಳಿಗೆಯ ಗೀರುಗಳಲ್ಲಿ ಕೂರುತ್ತದೆ. ಮೊದಲನೆಯ ಗುಂಡು ಶುದ್ಧವಾದ ನಳಿಗೆಯಿಂದ ಹೋಯಿತು; ಎರಡನೆಯದು ತೆಳುವಾಗಿ ಮಸಿ ಹಿಡಿದ ನಳಿಗೆಯಿಂದ; ಐದನೆಯದು ಸಲಾಕೆಯೇ ಇಳಿಯಲೊಲ್ಲದ ನಳಿಗೆಯಿಂದ. ಹಾರಿಸಿದವನು ಒಂದೇ ಕೋವಿಯಿಂದ ಐದು ಏಟು ಹಾಕಿದೆನೆಂದುಕೊಂಡಿದ್ದಾನೆ; ನಿಜವಾಗಿ ಐದು ಬೇರೆಬೇರೆ ನಳಿಗೆಗಳಿಂದ ಒಂದೊಂದು ಏಟು ಹಾಕಿದ್ದಾನೆ. ಏಟುಗಳು ಚೆದುರಿದುದರಲ್ಲಿ ಆಶ್ಚರ್ಯವೇನು?

ಇಲ್ಲಿ ನಮ್ಮ ಸೀಮೆಯ ಹವೆಯನ್ನೂ ಗಮನಿಸಬೇಕು. ಫಾಲ್ಗುಣ ಚೈತ್ರಗಳಲ್ಲಿ ತುಮಕೂರಿನ ಗಾಳಿ ಒಣಗಿ, ಮಧ್ಯಾಹ್ನದ ಹೊತ್ತಿಗೆ ದೇವರಾಯನದುರ್ಗದ ಬಂಡೆಗಳು ಕಾದಿರುವಾಗ, ಮಸಿಯು ಎರಡು ಮೂರು ಏಟುಗಳಲ್ಲಿಯೇ ಗಟ್ಟಿಯಾಗಿ ಸುಣ್ಣದ ಹಕ್ಕಳೆಯಂತೆ ಅಂಟುತ್ತದೆ. ಶ್ರಾವಣದ ಸೋನೆಯಲ್ಲಿ ಅದೇ ಮಸಿ ತೇವವನ್ನು ಹೀರಿ ಮೆತ್ತಗಾಗಿರುತ್ತದೆ. ಬೇಸಗೆಯಲ್ಲಿ ಗೊತ್ತುಮಾಡಿದ ಕ್ರಮ ಮಳೆಗಾಲಕ್ಕೆ ಹಾಗೆಯೇ ಹೊಂದದಿರುವುದಕ್ಕೆ ಕಾರಣ ಇದು. ಪರಿಹಾರವು ಸುಲಭ: ಪ್ರತಿ ಏಟಾದ ಮೇಲೂ ಸಲಾಕೆಯ ತುದಿಗೆ ನಸುಒದ್ದೆಯ ಬಟ್ಟೆಯನ್ನು ಕಟ್ಟಿ ಒಮ್ಮೆ ಇಳಿಸಿ ತೆಗೆದು, ಅನಂತರ ಒಣಬಟ್ಟೆಯಿಂದ ಒಮ್ಮೆ ಒರಸಿ ತುಂಬುವುದು. ಇದರಿಂದ ಉಳಿದ ಕಿಡಿಯೂ ಆರುತ್ತದೆ, ನಳಿಗೆಯೂ ಪ್ರತಿಸಲ ಒಂದೇ ಸ್ಥಿತಿಗೆ ಬರುತ್ತದೆ. ಬಟ್ಟೆ ನೀರು ಸೋರುವಷ್ಟು ಒದ್ದೆಯಾಗಿರಕೂಡದು. ಬುಡದಲ್ಲಿ ನೀರು ನಿಂತರೆ ಮದ್ದು ನೆನೆದು ಕೇಪು ಮಾತ್ರ ಸಿಡಿಯುತ್ತದೆ.

ಕೇಪು ಸಿಡಿದು ಕೋವಿ ಹಾರದೆ ಇದ್ದರೆ ಅವಸರಪಡಬಾರದು. ಮದ್ದು ಒಳಗೆ ಹೊಗೆಯಾಡುತ್ತಿದ್ದು ತಡವಾಗಿ ಹೊತ್ತುವುದುಂಟು. ನಳಿಗೆಯ ಬಾಯಿಯನ್ನು ದಿಬ್ಬದ ಕಡೆಗೇ ಹಿಡಿದು ಒಂದು ನಿಮಿಷಕ್ಕೆ ಕಡಿಮೆಯಿಲ್ಲದೆ ಕಾಯಬೇಕು. ಬಾಯಿಗೆ ಮುಖವಿಟ್ಟು ನೋಡಿದವನಿಗೆ ಎರಡನೆಯ ಪಾಠ ಕಲಿಯುವ ಅವಕಾಶ ಸಿಕ್ಕುವುದಿಲ್ಲ.

ಇನ್ನು ಹಾರಿಸುವವನ ಪಾಲು. ಕೋವಿಯನ್ನು ಪರೀಕ್ಷಿಸುವಾಗ ನಿಂತು ಹಾರಿಸಕೂಡದು. ಆಗ ಕೋವಿಯ ತಪ್ಪು ಯಾವುದು, ಕೈಯ ನಡುಕ ಯಾವುದು ಎಂಬುದು ತಿಳಿಯುವುದಿಲ್ಲ. ಗಟ್ಟಿಯಾದ ಮೇಜಿನ ಮೇಲೆ ಮರಳು ತುಂಬಿದ ಚೀಲಗಳನ್ನಿಟ್ಟು, ಕೋವಿಯ ಮುಂಭಾಗದ ಮರವನ್ನು ಅದರ ಮೇಲೆ ಕೂರಿಸಬೇಕು. ನಳಿಗೆಯೇ ಚೀಲವನ್ನು ಮುಟ್ಟಬಾರದು. ಮುಟ್ಟಿದರೆ ಸಿಡಿಯುವಾಗ ಎಗರಿ ಏಟನ್ನು ಕೆಡಿಸುತ್ತದೆ. ಉಸಿರನ್ನು ಅರ್ಧ ಬಿಟ್ಟು, ಬೆರಳಿನ ಕೀಲನ್ನು ಮೆಲ್ಲಗೆ ಒತ್ತಬೇಕು. ಈ ಕೋವಿಯಲ್ಲಿ ಕುದುರೆ ಬಡಿದು, ಕೇಪು ಸಿಡಿದು, ಮದ್ದು ಹೊತ್ತಿ, ಗುಂಡು ಹೊರಬೀಳುವಷ್ಟರಲ್ಲಿ ಈಗಿನ ತೋಟಾ ಕೋವಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಆದುದರಿಂದ ಸದ್ದಾದ ಮೇಲೂ ಗುರಿಯ ಮೇಲಿನ ಕಣ್ಣನ್ನು ತೆಗೆಯದೆ ಹಾಗೆಯೇ ಇರಬೇಕು. ಸದ್ದಿನೊಡನೆ ತಲೆಯೆತ್ತಿ ನೋಡುವ ಚಪಲವೇ ಎಷ್ಟೋ ಏಟುಗಳನ್ನು ಹಾಳುಮಾಡಿದೆ.

ಗುಂಪು ಒತ್ತಾದ ಮೇಲೆ ಮಾತ್ರ ನೋಟವನ್ನು ತಿದ್ದಬೇಕು. ಇದರ ಲೆಕ್ಕ ಸುಲಭ. ಹಿಂದಿನ ಗಂಡಿಗೂ ಮುಂದಿನ ಮಣಿಗೂ 30 ಅಂಗುಲ ಅಂತರವಿದೆಯೆನ್ನೋಣ. 50 ಗಜವೆಂದರೆ 1800 ಅಂಗುಲ. ಅದು 30ರ 60ರಷ್ಟು. ಆದುದರಿಂದ ಹಿಂದಿನ ಗಂಡಿಯನ್ನು ಒಂದು ಅಂಗುಲದ 60ನೆಯ ಒಂದು ಭಾಗ ಸರಿಸಿದರೆ, ಕಾಗದದ ಮೇಲೆ ಏಟು ಒಂದು ಅಂಗುಲ ಸರಿಯುತ್ತದೆ. ಏಟು ಎತ್ತ ಹೋಗಬೇಕೋ ಅತ್ತ ಹಿಂದಿನ ಗಂಡಿಯನ್ನು ಸರಿಸತಕ್ಕದ್ದು. ಮುಂದಿನ ಮಣಿಯನ್ನಾದರೆ ಅದಕ್ಕೆ ಎದುರು ದಿಕ್ಕಿಗೆ. ಕೂದಲೆಳೆಯ ಕೆಲಸ ಇದು. ಸುತ್ತಿಗೆಯಿಂದ ಒಂದೇಟು ಬಿಗಿದು ಬಗೆಹರಿಸುವಂಥದಲ್ಲ.

ಎಲ್ಲಕ್ಕೂ ಮೇಲಾದ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂಬುದು. ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಅವನ ಗುಂಪು ಒಂದು ಮೊಳ ಅಗಲವಿದೆ. ಅವನು ಅದೇ ದಿನ ದಪ್ಪಬಟ್ಟೆಯನ್ನು ತಂದ, ಮದ್ದನ್ನು ಇಳಿಸಿದ, ನಳಿಗೆಯನ್ನು ಒರಸಲಾರಂಭಿಸಿದ, ಗುಂಪು ಅರ್ಧವಾಯಿತು. ಸಂತೋಷವೇ; ಆದರೆ ಮೂರರಲ್ಲಿ ಯಾವುದರಿಂದ ಗುಣವಾಯಿತೆಂದು ಅವನು ಹೇಳಬಲ್ಲನೆ? ಮೂರರಲ್ಲೊಂದು ಕೆಡುಕನ್ನೇ ಮಾಡುತ್ತಿದ್ದಿರಲೂಬಹುದು. ಆದುದರಿಂದ ಒಂದು ಪುಸ್ತಕವನ್ನಿಟ್ಟುಕೊಂಡು, ದಿನ, ಹವೆ, ಗುಂಡು, ಬಟ್ಟೆ, ಮದ್ದಿನ ಅಳತೆ, ಗುಂಪಿನ ಅಗಲ ಇವನ್ನು ಬರೆದಿಡಬೇಕು. ಮೂರು ಏಟುಗಳ ಗುಂಪನ್ನು ನಂಬಕೂಡದು. ಐದೇಟು, ಅದೂ ಎರಡು ಸಲ ಹಾಕಿ ನೋಡಬೇಕು. ದೂರ ಬಿದ್ದ ಒಂದೇಟನ್ನು “ಅದು ಲೆಕ್ಕಕ್ಕಿಲ್ಲ” ಎಂದು ತಳ್ಳಿಹಾಕುವುದು ತನ್ನನ್ನು ತಾನೇ ವಂಚಿಸಿಕೊಳ್ಳುವುದು. ಇದಲ್ಲದೆ, ತಣ್ಣಗಿರುವ ಶುದ್ಧವಾದ ನಳಿಗೆಯ ಮೊದಲ ಏಟು ಎಲ್ಲಿ ಬೀಳುವುದೆಂಬುದನ್ನು ಬೇರೆಯಾಗಿ ನೋಡಬೇಕು. ಐದು ಬೇರೆ ದಿನಗಳ ಐದು ಮೊದಲೇಟುಗಳನ್ನು ಒಂದೇ ಕಾಗದದ ಮೇಲೆ ಹಾಕಿದರೆ ಅದು ತಿಳಿದುಬರುತ್ತದೆ. ಹಿಂದಿನ ಷಿಕಾರಿಗೆ ಕಾಡಿನಲ್ಲಿ ಸಿಕ್ಕುತ್ತಿದ್ದುದು ಆ ಮೊದಲೇಟು ಒಂದೇ. ಮತ್ತೆ ತುಂಬುವುದಕ್ಕೆ ಪ್ರಾಣಿ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಗುಂಪಿನ ಅಗಲವೆಂಬುದು ಬರಿಯ ಆಟದ ಅಂಕಿಯಲ್ಲ. ಅದು ಹಾರಿಸುವವನು ಕಾಯಬೇಕಾದ ಮೇರೆ. 50 ಗಜದಲ್ಲಿ 4 ಅಂಗುಲದ ಗುಂಪುಳ್ಳ ಕೋವಿ 100 ಗಜದಲ್ಲಿ 8 ಅಂಗುಲಕ್ಕೆ ಕಡಿಮೆಯಿಲ್ಲದೆ ಚೆದುರುತ್ತದೆ. ಅಷ್ಟು ದೂರ ಹೋಗುವಷ್ಟರಲ್ಲಿ ಉರುಟು ಗುಂಡು ತನ್ನ ವೇಗದ ಮೂರನೆಯ ಒಂದು ಪಾಲಿಗೂ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಆ ದೂರದಿಂದ ಹಾರಿಸಿದವನು ಕೊಲ್ಲುತ್ತಿರಲಿಲ್ಲ, ಗಾಯಮಾಡುತ್ತಿದ್ದನು. ಗಾಯಗೊಂಡ ಪ್ರಾಣಿ ಪೊದೆಯಲ್ಲಿ ದಿನಗಟ್ಟಲೆ ನರಳುತ್ತಿತ್ತು, ಇಲ್ಲವೇ ಮರುದಿನ ಸೌದೆಗೆ ಹೋದ ಬಡವಳ ಮೇಲೆ ಬೀಳುತ್ತಿತ್ತು. ಹಳೆಯ ಷಿಕಾರಿ ಕಥೆಗಳಲ್ಲಿ ತಗುಲಿದ ಏಟುಗಳು ಉಳಿದಿವೆ; ಅರೆತಗುಲಿದ ಏಟುಗಳ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಈ ಮಾತು ಕಳೆದ ಕಾಲಕ್ಕೆ ಮಾತ್ರ ಸೇರಿದುದಲ್ಲ. 2019ರ ಕೊನೆಯ ತಿಂಗಳುಗಳಿಂದ 2020ರ ಮೊದಲ ತಿಂಗಳುಗಳವರೆಗೆ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಗೆ ಸಿಕ್ಕಿ ವೃದ್ಧರೂ ಎಳೆಯ ಮಕ್ಕಳೂ ಸತ್ತರು. ಅಂಥ ದಿನಗಳಲ್ಲಿ ಗೋಡೆಯ ಮೇಲಿನ ಕೋವಿಯನ್ನು ಕೆಳಗಿಳಿಸಬೇಕೆನ್ನಿಸುವುದು ಮನುಷ್ಯಸಹಜ. ಆದರೆ ವರ್ಷಗಟ್ಟಲೆ ಹಾರಿಸದ, ಗುಂಪು ಎಷ್ಟಗಲವೆಂದು ತಿಳಿಯದ ಕೋವಿಯನ್ನು ಹಿಡಿದು ಕತ್ತಲೆಯಲ್ಲಿ ಚಿರತೆಯ ಹಿಂದೆ ಹೋಗುವವನು ಊರಿನ ಕಷ್ಟವನ್ನು ಇಮ್ಮಡಿಮಾಡುತ್ತಾನೆ. ಮನುಷ್ಯರ ಜೀವಕ್ಕಾಗಲಿ ಬೆಳೆಗಾಗಲಿ ಅಪಾಯವಾದಾಗ ಏನು ಮಾಡಬೇಕೆಂಬುದನ್ನು ಕಾನೂನಿನ 11ನೆಯ ಪ್ರಕರಣ ತಿಳಿಸುತ್ತದೆ. ಅದರ ಪ್ರಕಾರ ಬರೆಹದಲ್ಲಿ ಅಪ್ಪಣೆ ಕೊಡತಕ್ಕವರು ವನ್ಯಜೀವಿ ಇಲಾಖೆಯ ಅಧಿಕಾರಿಗಳು. ತನ್ನ ಅಥವಾ ಇನ್ನೊಬ್ಬರ ಪ್ರಾಣವನ್ನು ಉಳಿಸಿಕೊಳ್ಳಲು ಸದ್ಭಾವದಿಂದ ಮಾಡಿದುದನ್ನು ಮಾತ್ರ ಕಾನೂನು ಬೇರೆಯಾಗಿ ಕಾಣುತ್ತದೆ.

ಗುರಿಮೈದಾನದಿಂದ ಮನೆಗೆ ಬಂದ ಮೇಲೆ ಕೊನೆಯ ಕೆಲಸವೊಂದು ಉಳಿದಿರುತ್ತದೆ. ಮಸಿಯು ತೇವವನ್ನೆಳೆದು ಕಬ್ಬಿಣವನ್ನು ತಿನ್ನುವುದರಿಂದ, ಅದೇ ಸಂಜೆ ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಪೂರ್ತಿಯಾಗಿ ಒಣಗಿಸಿ, ಎಣ್ಣೆ ಸವರಬೇಕು. ಮತ್ತೆ ಹಾರಿಸುವ ದಿನ ಮೊದಲು ಆ ಎಣ್ಣೆಯನ್ನು ಒರಸಿ ತೆಗೆಯಬೇಕು. ಒಂದು ರಾತ್ರಿಯ ಸೋಮಾರಿತನ ಗೀರುಗಳಲ್ಲಿ ತುಕ್ಕಾಗಿ ನಿಲ್ಲುತ್ತದೆ. ಆಯುಧಪೂಜೆಯ ದಿನ ಇಡುವ ಕುಂಕುಮದಿಂದ ಅದು ಹೋಗುವುದಿಲ್ಲ.

ಅಳತೆಯನ್ನು ಸಮಮಾಡಿ, ಬಟ್ಟೆಯನ್ನು ಆರಿಸಿ, ಸಲಾಕೆಯ ಗುರುತನ್ನು ನೋಡಿ, ಪ್ರತಿಸಲ ಒರಸಿ, ಸಂಜೆ ತೊಳೆದಿಟ್ಟ ತಾತನನ್ನು ನಾವು ಕೈಗುಣದವನೆಂದು ಕರೆದೆವು. ಅವನು ಕೋವಿಯನ್ನು ಎತ್ತದೆ ಇದ್ದ ದಿನಗಳೂ ಬಹಳ ಇದ್ದಿರಬೇಕು. ತನ್ನ ಏಟು ಎಲ್ಲಿಯವರೆಗೆ ನಂಬತಕ್ಕದ್ದೆಂಬುದನ್ನು ಬಲ್ಲವನಿಗೆ, ಎಲ್ಲಿ ಹಾರಿಸಬಾರದೆಂಬುದೂ ತಿಳಿದಿರುತ್ತದೆ.